ಗಾಳಿಕಂಡಿಯ ಕೂಗು

ಚಿಕ್ಕಮಗಳೂರು, ೧೦ ಫೆಬ್ರವರಿ ೧೯೪೩, ಬುಧವಾರ

ನಡೆದೇ ಹೋಗುವುದೆಂದು ತೀರ್ಮಾನಿಸಿದ್ದೇನೆ. ಪೆಟ್ರೋಲಿಲ್ಲದೆ ಕಳಸದ ಬಸ್ಸು ನಿಂತುಹೋಗಿದೆ. ಆಲ್ದೂರಿನವರೆಗೆ ಇದ್ದಿಲ ಗ್ಯಾಸಿನ ಬಸ್ಸೊಂದಿದೆಯಾದರೂ ಏರು ಬಂದಲ್ಲೆಲ್ಲ ಜನ ಇಳಿದು ತಳ್ಳಬೇಕು. ಬಸ್ಸನ್ನು ತಳ್ಳಿಕೊಂಡು ಹೋಗುವುದಕ್ಕಿಂತ ಬರಿಗೈಯಲ್ಲಿ ನಡೆಯುವುದು ಸುಲಭ. ಬೆಟ್ಟ ನನಗೆ ಹೊಸದಲ್ಲ. ಬೆಳಿಗ್ಗೆ ಮುಳ್ಳಯ್ಯನಗಿರಿ ಹತ್ತಿ, ಸಂಜೆ ಅಂಗಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬಂದು ಬಟ್ಟೆ ಅಳೆದವನು ನಾನು.

ಅವ್ವ ಇವತ್ತು ಮಾತನ್ನು ಕೊನೆಗೆ ತಂದಳು. "ಶಿವರಾತ್ರಿ ತನಕ ಕಾಯ್ತೀನಿ, ಜಯದೇವ. ಅಷ್ಟರೊಳಗೆ ಶಂಕರಮ್ಮ ಬರದಿದ್ರೆ ತರೀಕೆರೆಯವ್ರಿಗೆ ಹೂಂ ಅಂತೀನಿ. ಆಮೇಲೆ ನನ್ನ ಕೇಳಬೇಡ." ತರೀಕೆರೆಯವರ ಹುಡುಗಿಯನ್ನು ನಾನು ನೋಡಿಲ್ಲ. ನೋಡುವ ಇಷ್ಟವೂ ಇಲ್ಲ.

ಶಂಕರಮ್ಮ ಹೆರಿಗೆಗೆಂದು ಕಳಸದ ತವರಿಗೆ ಹೋದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಆಷಾಢದ ಮಳೆಯಲ್ಲಿ ಹೆಣ್ಣು ಮಗು ಹುಟ್ಟಿ, ಹತ್ತು ದಿನವೂ ಉಳಿಯಲಿಲ್ಲ. ಭದ್ರಾ ತುಂಬಿ ದಾರಿ ಕಟ್ಟಿತ್ತು. ಕಾರ್ಡು ನನ್ನ ಕೈಗೆ ಬರುವಾಗ ಎಲ್ಲ ಮುಗಿದಿತ್ತು. ಹೋಗಿ ಮಾಡುವುದೇನೂ ಉಳಿದಿರಲಿಲ್ಲವಾದ್ದರಿಂದ ಹೋಗಲಿಲ್ಲ. ದೀಪಾವಳಿಗೆ ಒಂದು ಕಾಗದ ಬರೆದೆ: ಆರೋಗ್ಯ ಸುಧಾರಿಸಿದ ಮೇಲೆ ಬರುವುದು. ಅಕ್ಷರ ಸ್ಪಷ್ಟವಾಗಿತ್ತು, ಅರ್ಥವೂ. ಉತ್ತರ ಬರಲಿಲ್ಲ. ಇನ್ನೊಂದು ಬರೆ ಎಂದು ಅವ್ವ ಎಷ್ಟೋ ಸಲ ಹೇಳಿದಳು. ಮೊದಲನೆಯದರಲ್ಲಿ ಇಲ್ಲದ್ದನ್ನು ಎರಡನೆಯದರಲ್ಲಿ ಏನೆಂದು ಬರೆಯಲಿ?

ಯಾವ ಮಾತನ್ನೂ ನಾನು ಒಮ್ಮೆ ಹೇಳುತ್ತೇನೆ. ಅಂಗಡಿಯಲ್ಲೂ ಹಾಗೆಯೇ, ಗಿರಾಕಿಗಳು ನನ್ನನ್ನು ನಂಬುವುದು ಅದಕ್ಕೇ. ಈಗ ಎದುರಿಗೆ ನಿಂತು ಒಮ್ಮೆ ಕೇಳುತ್ತೇನೆ. ಬಂದರೆ ಸರಿ. ಬರದಿದ್ದರೆ ಅವ್ವ ತನ್ನ ದಾರಿ ನೋಡಿಕೊಳ್ಳಲಿ.

ಚೀಲದಲ್ಲಿ ಎರಡು ಪಂಚೆ, ಕಂಬಳಿ, ರೊಟ್ಟಿ, ಚಟ್ನಿಪುಡಿ, ಬಂಗಾಳಿಯಿಂದ ಕನ್ನಡಕ್ಕೆ ಬಂದ ಒಂದು ಕಾದಂಬರಿ.

ಆಲ್ದೂರು, ೧೧ ಫೆಬ್ರವರಿ

ಲೆಕ್ಕ ಹಾಕಿದಂತೆಯೇ ತಲುಪಿದೆ. ನಡುವೆ ಇದ್ದಿಲ ಬಸ್ಸನ್ನು ಹಿಂದೆ ಹಾಕಿದೆ. ಜನ ಇಳಿದು ತಳ್ಳುತ್ತಿದ್ದರು. ಪರಿಚಯದ ವ್ಯಾಪಾರಿಯೊಬ್ಬರ ಮಳಿಗೆಯ ಅಟ್ಟದಲ್ಲಿ ಮಲಗುತ್ತಿದ್ದೇನೆ. ಕಾಫಿಮೂಟೆಗಳ ವಾಸನೆ ಹಿತವಾಗಿದೆ. ಕಾಲಿಗೆ ಏನೂ ಆಗಿಲ್ಲ.

ಬಾಳೂರಿನವರೆಗೆ ಗಿಡ್ಡಪ್ಪ ಎಂಬ ಮೇಸ್ತ್ರಿ ಜೊತೆಗೆ ಬರುತ್ತಾನಂತೆ. ನಾನು ಕೇಳಿರಲಿಲ್ಲ. ಮಳಿಗೆಯವರೇ ಗೊತ್ತು ಮಾಡಿಬಿಟ್ಟಿದ್ದಾರೆ.

ಬಾಳೂರು, ೧೩ ಫೆಬ್ರವರಿ, ಶನಿವಾರ

ಗಿಡ್ಡಪ್ಪನ ಬಾಯಿ ಎರಡು ದಿನ ಮುಚ್ಚಲಿಲ್ಲ. ಕೊಯ್ಲು ಮುಗಿಸಿ ಊರಿಗೆ ಹೋದ ಆಳುಗಳು, ಎಸ್ಟೇಟಿನ ರೈಟರ್ ಮೇಲೆ ಅವನಿಗಿರುವ ದೂರು, ತನ್ನ ಇಬ್ಬರು ಹೆಂಡತಿಯರು. ಒಬ್ಬಳಿಗೆ ಹೇಳಿದ ಮಾತನ್ನು ಇನ್ನೊಬ್ಬಳಿಗೆ ಬೇರೆ ಥರ ಹೇಳಬೇಕಾಗುತ್ತದಂತೆ. ನಾನು ಸುಮ್ಮನಿದ್ದುದಕ್ಕೆ ಅವನಿಗೇ ಬೇಸರವಾಯಿತು.

"ಅಲ್ಲ ಮಾರಾಯ್ರೆ, ನೀವು ಒಂದು ಮಾತಾಡದಿದ್ರೆ ದಾರಿ ಸವೆಯೋದು ಹೇಗೆ?"

ನಡೆದರೆ ಸವೆಯುತ್ತದೆ ಎಂದೆ. ಅದನ್ನು ಅವನು ತಮಾಷೆ ಎಂದುಕೊಂಡು ಬಹಳ ಹೊತ್ತು ನಕ್ಕ.

ಇನ್ನೊಂದು ಕೆಟ್ಟ ಅಭ್ಯಾಸ ಅವನಿಗಿದೆ. ಕಣಿವೆಯ ಆಚೆ ಒಂದು ಗುಡಿಸಲು ಕಂಡರೆ ಸಾಕು, ನಿಂತು ಕೂಗುತ್ತಾನೆ. ಒಮ್ಮೆಯಲ್ಲ, ಒಂದೇ ಮನೆಯವರನ್ನು ಮತ್ತೆ ಮತ್ತೆ, ಮೂರು ಸಲ. ಮೊದಲನೆಯದೇ ಅವರಿಗೆ ಕೇಳಿಸಿರುತ್ತದೆ ಎನ್ನುವುದರಲ್ಲಿ ನನಗೆ ಸಂಶಯವಿಲ್ಲ. ಅಂಗಳದಲ್ಲಿ ನಿಂತ ಹೆಂಗಸು ತಲೆಯೆತ್ತಿ ನೋಡುವುದು ಕಾಣಿಸುತ್ತದೆ. ಆದರೂ ಅವಳು ಸುಮ್ಮನಿರುತ್ತಾಳೆ, ಇವನು ಇನ್ನೂ ಗಂಟಲು ಹರಿದುಕೊಳ್ಳುತ್ತಾನೆ. ಎರಡೂ ಕಡೆ ಶಕ್ತಿ ಹಾಳು.

ನಾಳೆಯಿಂದ ಒಬ್ಬನೇ. ಗುಡ್ಡದ ನೆತ್ತಿ ಹಿಡಿದು ಹೋದರೆ ಕಳಸಕ್ಕೆ ಹತ್ತಿರ. ನಡುವೆ ಗಾಳಿಕಂಡಿ ಎಂಬಲ್ಲಿ ಕೆಂಚಯ್ಯನೆಂಬವನು ಎಸ್ಟೇಟಿನ ದನ ಮೇಯಿಸಿಕೊಂಡು ಬಿಡಾರ ಹಾಕಿದ್ದಾನಂತೆ. ದಾರಿಹೋಕರು ಅಲ್ಲೇ ಉಳಿಯುವುದಂತೆ. "ಹೋಗಿ ಕೂಗಿ, ಬಾಗಿಲು ತೆಗೀತಾರೆ" ಎಂದ ಗಿಡ್ಡಪ್ಪ. ಕೂಗುವುದನ್ನು ಇವನಿಂದ ಕಲಿಯಬೇಕಾಗಿಲ್ಲ.

ಕಲ್ಲುಮಂಟಪ, ೧೪ ಫೆಬ್ರವರಿ

ನೆತ್ತಿಯ ಮೇಲಿನ ನಡಿಗೆ ನಾನು ಇದುವರೆಗೆ ನಡೆದದ್ದರಲ್ಲೆಲ್ಲ ಚೆನ್ನಾದದ್ದು. ಎರಡು ಕಡೆಗೂ ಒಣಗಿದ ಹುಲ್ಲು, ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಕಾಡು. ಗಾಳಿ ಎಡಗಡೆಯಿಂದ ಬರುತ್ತದೆ. ಟೋಪಿಯನ್ನು ಚೀಲಕ್ಕೆ ಹಾಕಬೇಕಾಯಿತು.

ಮಧ್ಯಾಹ್ನ ಕಳೆದು ಗಾಳಿಕಂಡಿಗೆ ಬಂದೆ. ಎರಡು ಗುಡ್ಡಗಳ ನಡುವಿನ ತಗ್ಗು. ಎದೆಮಟ್ಟದ ಕಲ್ಲುಗೋಡೆ, ಮೇಲೆ ಹುಲ್ಲಿನ ಮಾಡು, ಹುಲ್ಲಿನ ಸಂದಿಯಿಂದ ಹೊಗೆ. ಬಿದಿರ ತಡಿಕೆಯ ಬಾಗಿಲು ಮುಚ್ಚಿತ್ತು. ಅಂಗಳದ ಅಂಚಿನಲ್ಲಿ ನಿಂತು "ಯಾರಿದ್ದೀರಿ?" ಎಂದು ಕೇಳಿದೆ. ಒಳಗೆ ಪಾತ್ರೆಯ ಸದ್ದು ತಟ್ಟನೆ ನಿಂತಿತು. ಅಂದರೆ ಕೇಳಿಸಿದೆ. ಉತ್ತರವಿಲ್ಲ. ಮರ್ಯಾದೆಗೆ ಎಷ್ಟು ಕಾಯಬೇಕೋ ಅಷ್ಟು ಕಾದು ಮುಂದೆ ನಡೆದೆ. ಉತ್ತರ ಕೊಡದಿರುವುದೂ ಒಂದು ಉತ್ತರ.

ಕತ್ತಲಾಗುವ ಮೊದಲೇ ಈ ಮಂಟಪ ಸಿಕ್ಕಿತು. ಮೂರು ಕಂಬ ನೆಟ್ಟಗಿವೆ, ಗೋಡೆಯಿಲ್ಲ. ಚಳಿ ಇದೆ, ಕಂಬಳಿಯೂ ಇದೆ. ಬೇರೆಯವರ ಬಾಗಿಲಲ್ಲಿ ಬೇಡುವುದಕ್ಕಿಂತ ಇದು ಮೇಲು.

ಗಾಳಿಕಂಡಿ, ೧೬ ಫೆಬ್ರವರಿ, ಮಂಗಳವಾರ

ನಿನ್ನೆ ಆದದ್ದನ್ನು ಕ್ರಮವಾಗಿ ಬರೆಯಲು ಯತ್ನಿಸುತ್ತೇನೆ.

ಬೆಳಿಗ್ಗೆ ಮಂಟಪದಿಂದ ಹೊರಟಾಗ ಆಕಾಶ ಶುಭ್ರವಾಗಿತ್ತು. ಬಿಸಿಲೇರುವ ಹೊತ್ತಿಗೆ ಕೆಳಗಿನ ಘಟ್ಟದಿಂದ ಮೋಡ ಎದ್ದು ಬಂದು ಮಳೆ ಸುರಿಯಿತು. ಕಾಫಿಯವರು ಕಾಯುತ್ತಿರುವ ಹೂಮಳೆ. ಈ ಸಲ ಬೇಗ ಬಂದಿದೆ. ಮಳೆ ನಿಂತಿತು, ಮಂಜು ನಿಲ್ಲಲಿಲ್ಲ. ಚಾಚಿದ ಕೈ ಕಾಣುತ್ತಿರಲಿಲ್ಲ. ದಾರಿ ಹುಲ್ಲಿನಲ್ಲಿ ಮುಗಿದುಹೋಯಿತು. ಗಾಳಿ ಎಡಗೆನ್ನೆಗೆ ತಗುಲುವಂತೆ ನಡೆದರೆ ಸಾಕೆಂದು ಲೆಕ್ಕ ಹಾಕಿದೆ. ಗಾಳಿಯೇ ತಿರುಗಿತ್ತೆಂದು ಆಮೇಲೆ ತಿಳಿಯಿತು. ಜಾರಿದೆ. ಎಡಗಾಲು ಎರಡು ಕಲ್ಲುಗಳ ನಡುವೆ ಸಿಕ್ಕಿ ಹೊರಳಿತು. ಎದ್ದು ಕೋಲು ಮುಂದಕ್ಕೆ ಊರಿದಾಗ ಅದಕ್ಕೆ ನೆಲ ಸಿಗಲಿಲ್ಲ. ಬಹಳ ಕೆಳಗೆ ನೀರಿನ ಸದ್ದಿತ್ತು.

ಅಲ್ಲೇ ಕುಳಿತೆ. ಹೊತ್ತು ಹೋಗುತ್ತಿತ್ತು. ಕೂಗಿದೆ. ಉತ್ತರ ಬರಲಿಲ್ಲ. ಇಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಿ ಮತ್ತೆ ಸುಮ್ಮನೆ ಕುಳಿತೆ. ಆದರೆ ಎಲ್ಲಿಂದಲೋ ಹೊಗೆಯ ವಾಸನೆ ಬರುತ್ತಿತ್ತು. ಮೈ ನಡುಗಲು ಶುರುವಾಯಿತು. ನಡುಗುವವನ ತೀರ್ಮಾನಗಳು ಗಟ್ಟಿಯಾಗಿರುವುದಿಲ್ಲ, ಇನ್ನೊಮ್ಮೆ ಕೂಗಿದೆ. ಆಮೇಲೆ ಇನ್ನೂ ಒಮ್ಮೆ, ಯಾವ ಮಾತೂ ಇಲ್ಲದೆ, ಗಿಡ್ಡಪ್ಪನ ಹಾಗೆ ಬರಿಯ ಸದ್ದು.

"ಓ..." ಎಂದಿತು ಮಂಜು. ಅಷ್ಟು ಹತ್ತಿರದಿಂದ ಬಂತು, ನಾನು ಬೆಚ್ಚಿಬಿದ್ದೆ.

ಕೊಳ್ಳಿ ಬೀಸಿಕೊಂಡು ಒಬ್ಬ ಮುದುಕಿ ಬಂದಳು, ಹಿಂದೆ ಮಳೆಗೆಂದು ಎಲೆಯ ಗೊರಬು ಹೊದ್ದ ಮುದುಕ. "ಅಲ್ಲಾಡ್ಬೇಡಿ ಅಯ್ಯಾ, ಕೂತಲ್ಲೇ ಕೂತಿರಿ. ಮುಂದೆ ಇಳಿಜಾರಲ್ಲ, ಏನೂ ಇಲ್ಲ." ಇಬ್ಬರೂ ಸೇರಿ ನನ್ನನ್ನು ಎತ್ತಿಕೊಂಡೇ ಬಂದರು ಎನ್ನಬೇಕು. ಒಳಗೆ ಬೆಂಕಿಯ ಹತ್ತಿರ ಕುಳಿತ ಮೇಲೆ ಗೊತ್ತಾಯಿತು, ಇದು ಮೊನ್ನೆ ನಾನು ಬಿಟ್ಟು ಹೋದ ಬಿಡಾರವೇ. ಇಡೀ ದಿನ ಸುತ್ತಿ ಅದರ ಬೆನ್ನಿಗೇ ಬಂದು ಕುಳಿತಿದ್ದೆ.

ಮುದುಕಿಯ ಹೆಸರು ಮುತ್ತಮ್ಮ. ಅವಳು ನನ್ನ ಮುಖಕ್ಕೆ ಕೊಳ್ಳಿ ಹಿಡಿದು ನೋಡಿದಳು. "ನಿನ್ನೆ ಒಂದೇ ಸಲ ಕೂಗಿ ಸತ್ತುಹೋದದ್ದು ನೀವೇನಾ?"

ನಾನೇ ಎಂದೆ. ಕೇಳಿಸಿದ್ದರೆ ಉತ್ತರ ಕೊಡಬಹುದಿತ್ತಲ್ಲ ಎಂದೂ ಕೇಳಿದೆ.

"ಒಂದು ಕೂಗಿಗೆ ಯಾರು ಓ ಅಂತಾರೆ? ಗುಡ್ಡದಲ್ಲಿ ಓಡಾಡೋ ಅದೂ ಕೂಗ್ತದೆ. ಆದ್ರೆ ಅದಕ್ಕೆ ಒಂದೇ ಸಲ ಕೂಗೋಕೆ ಬರೋದು. ಮತ್ತೆ ಮತ್ತೆ ಕೂಗೋದು ಮನುಷ್ಯ ಮಾತ್ರ. ಮೂರನೇದಕ್ಕೆ ಕಾದುಕೊಂಡು ಈ ಬಾಗಿಲ ಹಿಂದೇ ನಿಂತಿದ್ದೆ ನಾನು. ಎರಡನೇದೇ ಬರ್ಲಿಲ್ಲ." ಆಮೇಲೆ ಗಂಡನ ಕಡೆ ತಿರುಗಿ, "ನೋಡು, ದೆವ್ವ ಅಂತ ನೀನು ಹೇಳಿದ್ದು ಇವ್ರನ್ನೇ. ಪಂಚೆ ಉಟ್ಟುಕೊಂಡು ಬಂದಿದೆ" ಎಂದಳು.

ಕೆಂಚಯ್ಯ ನಕ್ಕು ನನ್ನ ಕಾಲನ್ನು ಹಿಡಿದು ಎಳೆದ. ನಾನು ಕೂಗಿದೆ. ಅದಕ್ಕೂ ನಕ್ಕರು.

ಆ ಹೆಂಗಸಿನಿಂದ ಹಾಲು ತೆಗೆದುಕೊಂಡೆ. ಹಾಲಿಗೆ ದೋಷವಿಲ್ಲ.

೧೭ ಫೆಬ್ರವರಿ

ಕಾಲು ಊದಿದೆ. ಮಂಜು. ಕಾದಂಬರಿ ನೆನೆದು ಉಬ್ಬಿದೆ. ಒಲೆಯ ಮೇಲಿನ ಹಲಗೆಯಲ್ಲಿ ಒಣಗುತ್ತಿದೆ.

ನನ್ನ ರೊಟ್ಟಿ ನೀರಾಗಿದೆ. ಗಂಜಿ ಉಂಡೆ. ಉಪ್ಪು ಸ್ವಲ್ಪ ಹೆಚ್ಚು.

೧೮ ಫೆಬ್ರವರಿ

ಕಾದಂಬರಿಯ ಹಾಳೆಗಳನ್ನು ಬಿಡಿಸುತ್ತಿದ್ದಾಗ ಅದರಲ್ಲೇನಿದೆ ಎಂದು ಮುತ್ತಮ್ಮ ಕೇಳಿದಳು. ಗಂಡನನ್ನು ಬಿಟ್ಟು ಹೊರಟ ಹೆಂಗಸಿನ ಕಥೆ ಎಂದೆ. ಅವನು ಕರೆಯಲು ಹೋಗಲಿಲ್ಲವೋ? ಇನ್ನೂ ಅಲ್ಲಿಯವರೆಗೆ ಓದಿಲ್ಲವೆಂದೆ. ನಾನು ಎಲ್ಲಿಗೆ ಹೊರಟದ್ದು? ಕಳಸದ ಹತ್ತಿರ ಮಾವನ ಮನೆಗೆ. ಮಾವನ ಹೆಸರು? ಶಾಂತವೀರಪ್ಪ.

"ಅಯ್ಯೋ, ಶಂಕರಿಯ ಗಂಡ!" ಎಂದಳು. ಶಂಕರಮ್ಮನನ್ನು ಆಕೆ ಚಿಕ್ಕಂದಿನಿಂದ ಬಲ್ಲಳು. ಅಪ್ಪನ ಜೊತೆ ದನ ನೋಡಲು ಬಂದು ಈ ಅಂಗಳದಲ್ಲಿ ಕುಣಿಯುತ್ತಿದ್ದಳಂತೆ. ಅವಳು ಕೂಗಿದರೆ ಕೆಳಗಿನ ಹಳ್ಳದವರೆಗೆ ಕೇಳುತ್ತಿತ್ತಂತೆ. ನಾನು ಅವಳು ಕೂಗಿದ್ದನ್ನು ಕೇಳಿಲ್ಲ. ನಮ್ಮ ಮನೆಯಲ್ಲಿ ಅವಳ ದನಿ ಅಡಿಗೆಮನೆಯಿಂದ ಈಚೆ ಬರುತ್ತಿರಲಿಲ್ಲ.

ಮುತ್ತಮ್ಮ ಮುಂದೆ ಏನೂ ಕೇಳಲಿಲ್ಲ. ಇಷ್ಟು ಮಾತನಾಡುವವರು ಒಮ್ಮೆಲೇ ಸುಮ್ಮನಾದರೆ ಕಷ್ಟವಾಗುತ್ತದೆ. ಮಗು ಹೋದದ್ದನ್ನು ನಾನೇ ಹೇಳಿದೆ. ಆಕೆಗೆ ಗೊತ್ತಿತ್ತು. ಗಂಜಿಯ ಮಡಕೆಯನ್ನು ಒಲೆಯಿಂದ ಇಳಿಸಿ, ಮತ್ತೆ ಒಲೆಯ ಮೇಲೇ ಇಟ್ಟರು.

೧೯ ಫೆಬ್ರವರಿ, ಶುಕ್ರವಾರ

ಇಲ್ಲಿಂದ ಹೋಗುವವರು ಮುಂದೆ ಬರುವವರಿಗಾಗಿ ಒಂದು ಹೊರೆ ಸೌದೆ ತಂದಿಟ್ಟು ಹೋಗಬೇಕು. ಕುಂಟಿಕೊಂಡೇ ತಂದೆ. ಕೆಂಚಯ್ಯನ ಹೊರೆಗಿಂತ ಚಿಕ್ಕದಾಗಿತ್ತು, ಕಟ್ಟಿದ್ದು ಮಾತ್ರ ಅಚ್ಚುಕಟ್ಟು.

ಕಾಲು ಪರವಾಗಿಲ್ಲ. ನಾಳೆ ಸಂಜೆಯೊಳಗೆ ತಲುಪುತ್ತೇನೆ. ಏನು ಕೇಳಬೇಕೆಂಬುದು ಸ್ಪಷ್ಟವಾಗಿದೆ.

ಕಳಸ, ೨೦ ಫೆಬ್ರವರಿ

ಸಂಜೆ ತಲುಪಿದೆ. ಶಂಕರಮ್ಮ ಕಣದಲ್ಲಿದ್ದಳು. ಒಣಹಾಕಿದ ಕಾಫಿಯನ್ನು ಕಾಲಿನಿಂದ ಸಾಲುಸಾಲಾಗಿ ಮಗುಚುತ್ತ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು. ತೆಳ್ಳಗಾಗಿದ್ದಾಳೆ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ನಿಲ್ಲಲಿಲ್ಲ.

ತಡಮಾಡುವುದು ಬೇಡವೆಂದು ಕಣದ ಅಂಚಿನಲ್ಲಿ ನಿಂತೇ ಕೇಳಿದೆ. ಶಿವರಾತ್ರಿಗೆ ಮೊದಲು ಊರಿಗೆ ಹೊರಡೋಣವೇ ಎಂದೆ. ಅವಳು ಸಾಲು ಮುಗಿಸಿ ತಿರುಗಿದಳು, ಇನ್ನೊಂದು ಸಾಲು ಹಿಡಿದಳು.

ಊಟಕ್ಕೆ ಕುಳಿತಾಗ ಮಾವ ಕಾಲಿಗೆ ಏನಾಯಿತೆಂದು ಕೇಳಿದರು. ಗಾಳಿಕಂಡಿಯ ಸಂಗತಿಯನ್ನು ಆದಷ್ಟು ಚಿಕ್ಕದಾಗಿ ಹೇಳಿದೆ. ಮಾವ ಎಲೆಯ ಮುಂದೆಯೇ ನಕ್ಕುಬಿಟ್ಟರು. ಬಾಗಿಲ ಹಿಂದಿನಿಂದ ಶಂಕರಮ್ಮನ ದನಿ ಬಂತು: "ಒಂದೇ ಸಲ ಕೂಗಿ ಸುಮ್ಮನಾಗೋದು ಅವ್ರ ಅಭ್ಯಾಸ, ಅಪ್ಪಯ್ಯ." ಮಾವನ ನಗು ನಿಂತಿತು.

ಕೇಳುವುದನ್ನು ಕೇಳಿಯಾಯಿತು. ಉತ್ತರ ಬರಲಿಲ್ಲ. ನಾಳೆ ಬೆಳಿಗ್ಗೆ ಹೊರಡುತ್ತೇನೆ.

೨೧ ಫೆಬ್ರವರಿ

ಹೊರಡಲಿಲ್ಲ. ಕಾಲು ನೋಯುತ್ತಿದೆ.

ಮಧ್ಯಾಹ್ನ ಇನ್ನೊಮ್ಮೆ ಕೇಳಿದೆ. "ನಿನ್ನೆ ಕೇಳಿದ್ದು ಕೇಳಿಸ್ತು" ಎಂದಳು. ಅಷ್ಟೇ. ಇದನ್ನು ಉತ್ತರವೆಂದು ತೆಗೆದುಕೊಳ್ಳಲು ಬರುವುದಿಲ್ಲ.

೨೨ ಫೆಬ್ರವರಿ, ಸೋಮವಾರ

ಬೆಳಿಗ್ಗೆ ಪೂಜೆ ಮುಗಿಸಿ ಕಣಕ್ಕೆ ಹೋದೆ. ಅದೇ ಮಾತನ್ನು ಕೇಳುವುದೆಂದೇ ಹೋದದ್ದು. ಅವಳು ಸಾಲಿನ ಆ ತುದಿಯಲ್ಲಿದ್ದಳು. ಕಾಫಿ ತುಳಿಯದೆ ಅಲ್ಲಿಗೆ ಹೋಗುವಂತಿರಲಿಲ್ಲ, ದನಿ ಎತ್ತಿ ಮಾತನಾಡಬೇಕಾಯಿತು. ಅದರಿಂದಲೋ ಏನೋ ಮಾತು ಬದಲಾಯಿತು. "ಶಂಕರೀ, ಮಗುವನ್ನ ಎಲ್ಲಿ ಮಣ್ಣು ಮಾಡಿದಿರಿ?" ಎಂದು ಕೇಳಿದೆ.

ಅವಳು ನಿಂತಳು. ಬಹಳ ಹೊತ್ತು ತನ್ನ ಪಾದಗಳನ್ನು ನೋಡುತ್ತಿದ್ದಳು. ಅವು ಕಾಫಿಯ ಕಂದು ಧೂಳಿನಲ್ಲಿ ಮುಳುಗಿದ್ದವು. ಆಮೇಲೆ ಕಣ ದಾಟಿ, ನನ್ನನ್ನೂ ದಾಟಿ ತೋಟದ ಏರಿಗೆ ಹತ್ತಿದಳು. ಬಾ ಎನ್ನಲಿಲ್ಲ. ನಾನು ಹಿಂದೆ ನಡೆದೆ. ಏರಿನಲ್ಲಿ ಕಾಲು ಹಿಡಿಯಿತು. ಅವಳು ತಿರುಗಿ ನೋಡದಿದ್ದರೂ ನಡಿಗೆಯನ್ನು ನಿಧಾನ ಮಾಡಿದಳು.

ತೋಟ ಮುಗಿದು ಹುಲ್ಲು ಶುರುವಾಗುವ ಜಾಗದಲ್ಲಿ ಕಾಫಿಗೆ ನೆರಳಿಗೆಂದು ನೆಡುವ ಹಾಲುವಾಣದ ಗೂಟವೊಂದು ಚಿಗುರಿ, ಅವಳಿಗಿಂತ ಎತ್ತರ ಬೆಳೆದಿದೆ. ಮಳೆಯಲ್ಲಿ ಅವಳೇ ನೆಟ್ಟದ್ದಂತೆ. ಬುಡದಲ್ಲಿ ನಾಲ್ಕು ಕಲ್ಲು. ಕೆಳಗೆ ಭದ್ರೆ ಕಾಣುತ್ತದೆ, ಈಗ ಸಣ್ಣದಾಗಿ.

"ಹಾಲು ಕುಡೀತಿತ್ತು" ಎಂದಳು. "ಚೆನ್ನಾಗಿ ಕುಡೀತಿತ್ತು. ಆಮೇಲೆ ಬಿಡ್ತು."

ಏನು ಹೇಳಬೇಕೆಂದು ಗೊತ್ತಿದ್ದರೆ ಹೇಳುತ್ತಿದ್ದೆ.

"ಹೆಸರು ಇಟ್ಟಿದ್ದೆ. ನಾನೊಬ್ಬಳೇ. ಏನು ಅಂತ ಯಾರೂ ಕೇಳ್ಲಿಲ್ಲ."

"ಏನು?" ಎಂದೆ.

ಅವಳು ಹೇಳಲಿಲ್ಲ. ಮತ್ತೆ ಕೇಳಿದೆ. ಗೂಟದ ಚಿಗುರೊಂದನ್ನು ಚಿವುಟಿ ಕೈಯಲ್ಲಿ ಮಡಿಸುತ್ತ ನಿಂತಿದ್ದಳು. ಇನ್ನೂ ಒಮ್ಮೆ ಕೇಳಿದೆ.

"ನೀಲಾ."

ಆ ಹೆಸರನ್ನು ಹೇಳಿನೋಡಿದೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಹೇಳಿದೆ. ಆಮೇಲೆ ಶಂಕರಿ ಅತ್ತಳು. ನಾನು ಕಲ್ಲುಗಳ ಪಕ್ಕದಲ್ಲಿ ಕುಳಿತೆ. ಬಿಸಿಲು ಏರಿ, ಕಣದಲ್ಲಿ ಯಾರೋ ಅವಳ ಬದಲು ಕಾಫಿ ಮಗುಚುವ ಸದ್ದು ಬರುವವರೆಗೂ ಅಲ್ಲೇ ಇದ್ದೆವು.

ಇಳಿಯುವಾಗ ಅವಳೇ ಕೇಳಿದಳು. "ಬಸ್ಸಿಲ್ಲ ಅಂದ್ರಲ್ಲ, ಹೋಗೋದು ಹೇಗೆ?"

ನಡೆದು, ಎಂದೆ.

"ಈ ಕಾಲಿಟ್ಟುಕೊಂಡು?"

ಕಾಲಿಗೆ ಏನೂ ಆಗಿಲ್ಲ ಎಂದೆ. ನಿನ್ನೆ ಹೊರಡದಿದ್ದುದಕ್ಕೆ ಕಾಲು ಕಾರಣವೆಂದು ಮಾವನಿಗೆ ಹೇಳಿದ್ದು ಆಮೇಲೆ ನೆನಪಾಯಿತು. ಅವಳಿಗೆ ಆಗಲೇ ನೆನಪಾಗಿತ್ತೆಂದು ಕಾಣುತ್ತದೆ. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ತರೀಕೆರೆಯವರಿಗೆ ಬೇಡವೆನ್ನಲು ಅವ್ವನಿಗೆ ಹೇಳಬೇಕು. ಒಮ್ಮೆ ಹೇಳಿದರೆ ಅವ್ವ ಕೇಳುವವಳಲ್ಲ. ಹೇಳುತ್ತಿರುತ್ತೇನೆ.

ಗಾಳಿಕಂಡಿ, ೨೬ ಫೆಬ್ರವರಿ, ಶುಕ್ರವಾರ

ಮಂಜಿಲ್ಲ. ಕೆಳಗೆ ತೋಟಗಳಲ್ಲಿ ಹೂವು ಬಿಟ್ಟಿದೆ. ಏರು ಮುಗಿಯುವವರೆಗೂ ವಾಸನೆ ಬರುತ್ತಿತ್ತು. ಶಂಕರಿ ನನಗಿಂತ ಚೆನ್ನಾಗಿ ನಡೆಯುತ್ತಾಳೆ. ಬೆಟ್ಟ ನನಗೆ ಹೊಸದಲ್ಲವೆಂದು ಅವಳಿಗೆ ಹೇಳಿದೆ. ಹೂಂ ಎಂದು ಮುಂದೆ ಹೋದಳು.

ಕಂಡಿಯ ತಿರುವಿನಲ್ಲಿ, ಬಿಡಾರ ಕಾಣುವಲ್ಲಿ, ಚೀಲವನ್ನು ಕೆಳಗಿಟ್ಟು ನಿಂತಳು. "ನೀವು ಕೂಗಿ" ಎಂದಳು. ಕೂಗಿದೆ. ಉತ್ತರ ಬರಲಿಲ್ಲ, ಬರುವುದಿಲ್ಲವೆಂದು ಗೊತ್ತಿತ್ತು. ತಡಿಕೆಯ ಸಂದಿಯಲ್ಲಿ ಸೀರೆಯ ಅಂಚು ಕಾಣುತ್ತಿತ್ತು. ಎರಡನೆಯ ಸಲ ಕೂಗಿದೆ. ಮೂರನೆಯದಕ್ಕೆ ಉಸಿರೆಳೆದುಕೊಳ್ಳುವಷ್ಟರಲ್ಲಿ ಪಕ್ಕದಲ್ಲಿ ಶಂಕರಿ ಕೂಗಿದಳು. ಕೆಳಗಿನ ಹಳ್ಳದವರೆಗೆ ಕೇಳಿಸಿರಬೇಕು. ದನಗಳೆಲ್ಲ ತಲೆಯೆತ್ತಿದವು.

ಮುತ್ತಮ್ಮ ತಡಿಕೆ ತೆರೆದು ಓಡಿಬಂದು ಶಂಕರಿಯ ಕೆನ್ನೆ ಹಿಡಿದುಕೊಂಡರು. ಬಿಡುವ ಹಾಗೆ ಕಾಣಲಿಲ್ಲವಾದ್ದರಿಂದ ಚೀಲಗಳನ್ನು ನಾನೇ ಒಳಗೆ ತಂದೆ.

ರಾತ್ರಿ ಗಂಜಿ. ಉಪ್ಪು ಇವತ್ತೂ ಹೆಚ್ಚಾಗಿತ್ತು. ಎರಡನೆಯ ಸಲ ಬಡಿಸಿಕೊಂಡೆ.